ಸಣ್ಣ ಷೇರು, ಕಿರಿದಾದ ಬಾಗಿಲು

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳ ಅನೇಕ ಮನೆಗಳಿಗೆ ಕಳೆದ ಎರಡು ದಶಕಗಳಲ್ಲಿ ಬೆಳೆಯಿಂದ ಬಂದ ಹಣಕ್ಕಿಂತ ಭೂಮಿಯಿಂದ ಬಂದ ಹಣವೇ ದೊಡ್ಡದು. ಬಿಡದಿ ಹಾಗೂ ಹಾರೋಹಳ್ಳಿಯ ಕೈಗಾರಿಕಾ ಪ್ರದೇಶಗಳು, 2023ರ ಮಾರ್ಚ್‌ನಲ್ಲಿ ಉದ್ಘಾಟನೆಗೊಂಡ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ, ಎರಡು ದಶಕಗಳಿಂದ ಕಾಗದದ ಮೇಲಿದ್ದು 2025ರಲ್ಲಿ ಮತ್ತೆ ಜೀವ ಪಡೆದು ರೈತರ ಪ್ರತಿಭಟನೆಗೂ ಕಾರಣವಾದ ಬಿಡದಿ ಉಪನಗರ ಯೋಜನೆ ಇವೆಲ್ಲ ಈ ಭಾಗದ ಕುಟುಂಬಗಳ ಆರ್ಥಿಕತೆಯನ್ನು ಬುಡಸಮೇತ ಬದಲಿಸಿವೆ. 2007ರಲ್ಲಿ ರೂಪುಗೊಂಡ ರಾಮನಗರ ಜಿಲ್ಲೆಯ ಹೆಸರೇ 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಬದಲಾಗಿರುವಾಗ, ಅಲ್ಲಿನ ಜನರ ಉಳಿತಾಯವೂ ಬೆಂಗಳೂರಿನ ದಾರಿ ಹಿಡಿದಿದ್ದರೆ ಅಚ್ಚರಿಪಡಬೇಕಾಗಿಲ್ಲ. ಪರಿಹಾರದ ಹಣ ಖಾತೆಗೆ ಜಮೆಯಾದ ವಾರದೊಳಗೆ ಯಾರಾದರೊಬ್ಬರು ಮನೆಯ ಬಾಗಿಲಿಗೆ ಬಂದು ಮಿಡ್‌ಕ್ಯಾಪ್, ಸ್ಮಾಲ್‌ಕ್ಯಾಪ್ ಫಂಡ್‌ಗಳ ಐದು ವರ್ಷದ ಪ್ರತಿಫಲದ ಪಟ್ಟಿಯನ್ನು ಮುಂದಿಡುತ್ತಾರೆ.

ಕಂದಾಯ ಆಡಳಿತದಲ್ಲಿ ಕೆಲಕಾಲ ಈ ಭಾಗದಲ್ಲಿದ್ದವನೆಂಬ ಕಾರಣಕ್ಕೆ, ನಿವೃತ್ತಿಯ ನಂತರವೂ ಪರಿಚಿತರು ಇಂತಹ ಪಟ್ಟಿಗಳನ್ನು ಹಿಡಿದು ನನ್ನಲ್ಲಿಗೆ ಬರುತ್ತಾರೆ. ‘ಸ್ವಾಮಿ, ಬ್ಯಾಂಕಿನಲ್ಲಿ ಏಳು ಪರ್ಸೆಂಟು, ಇದರಲ್ಲಿ ಇಪ್ಪತ್ತೈದು. ಹಾಕಲೋ ಬೇಡವೋ?’ ಎಂಬುದು ಅವರ ಪ್ರಶ್ನೆ. ಪ್ರಶ್ನೆ ಸರಳವಾಗಿದೆ, ಉತ್ತರ ಸರಳವಲ್ಲ. ‘ಷೇರುಪೇಟೆ ಜೂಜು, ಅತ್ತ ಸುಳಿಯಬೇಡಿ’ ಎನ್ನುವುದು ನಮ್ಮ ತಲೆಮಾರಿನ ಸರ್ಕಾರಿ ನೌಕರರ ಹಳೆಯ ಅಭ್ಯಾಸ. ಅದು ಬೇಜವಾಬ್ದಾರಿಯ ಉತ್ತರ. ‘ದೀರ್ಘಕಾಲ ಇಟ್ಟರೆ ಲಾಭ ಖಂಡಿತ’ ಎನ್ನುವ ಈಗಿನ ಮಂತ್ರವೂ ಅಷ್ಟೇ ಬೇಜವಾಬ್ದಾರಿಯದು.

ಮೊದಲಿಗೆ ಪದಗಳನ್ನು ಸ್ಪಷ್ಟಪಡಿಸಿಕೊಳ್ಳೋಣ. ಸೆಬಿ 2017ರ ಅಕ್ಟೋಬರ್‌ನಲ್ಲಿ ಹಾಕಿಕೊಟ್ಟ ವರ್ಗೀಕರಣದಂತೆ, ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 100 ಸ್ಥಾನಗಳಲ್ಲಿರುವ ಕಂಪನಿಗಳು ಲಾರ್ಜ್‌ಕ್ಯಾಪ್, 101ರಿಂದ 250ರವರೆಗಿನವು ಮಿಡ್‌ಕ್ಯಾಪ್, 251ರಿಂದ ಆಚೆಗಿನವೆಲ್ಲ ಸ್ಮಾಲ್‌ಕ್ಯಾಪ್. ಮಧ್ಯಮ ವರ್ಗದಲ್ಲಿರುವುದು 150 ಕಂಪನಿ ಮಾತ್ರ. ಅವುಗಳ ಲೆಕ್ಕಪತ್ರವನ್ನು ಹತ್ತಾರು ವಿಶ್ಲೇಷಕರು ಜಾಲಾಡುತ್ತಿರುತ್ತಾರೆ. ಸಣ್ಣ ವರ್ಗದಲ್ಲಿ ಸಾವಿರಾರು ಕಂಪನಿಗಳಿದ್ದು, ಬಹುಪಾಲನ್ನು ಯಾರೂ ಕಣ್ಣೆತ್ತಿ ನೋಡುವುದಿಲ್ಲ. ಯಾರೂ ನೋಡದಿರುವುದೇ ಅಲ್ಲಿನ ಅವಕಾಶ, ಅದೇ ಅಲ್ಲಿನ ಅಪಾಯ. ಆದುದರಿಂದ ‘ಮಿಡ್ ಅಂಡ್ ಸ್ಮಾಲ್’ ಎಂದು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದು ಮಾರಾಟಗಾರರಿಗೆ ಅನುಕೂಲವಾದೀತೇ ಹೊರತು ಹೂಡಿಕೆದಾರರಿಗಲ್ಲ.

ಸಣ್ಣ ಕಂಪನಿಯೆಂದರೆ ಏನೆಂದು ತಿಳಿಯಲು ಈ ಭಾಗದ ಜನ ಮುಂಬೈಗೆ ಹೋಗಬೇಕಿಲ್ಲ. ಹಾರೋಹಳ್ಳಿಯಲ್ಲಿ ‘ಪಿಜನ್’ ಕುಕ್ಕರು, ಒಲೆಗಳನ್ನು ತಯಾರಿಸುವ ಸ್ಟೋವ್‌ಕ್ರಾಫ್ಟ್ ಕಂಪನಿಯಿದೆ. 2021ರ ಆರಂಭದಲ್ಲಿ ಅದು 385 ರೂಪಾಯಿಯಂತೆ ಸಾರ್ವಜನಿಕರಿಗೆ ಷೇರು ನೀಡಿತು. ಅದೇ ವರ್ಷ ಷೇರಿನ ಬೆಲೆ ಸಾವಿರವನ್ನು ದಾಟಿತು. 2023ರ ಮಾರ್ಚ್ ಹೊತ್ತಿಗೆ ಹೊರಟಲ್ಲಿಗೇ, ಅಂದರೆ ನೀಡಿಕೆ ಬೆಲೆಯ ಆಸುಪಾಸಿಗೆ ಮರಳಿತ್ತು. ಆಮೇಲೆ ಮತ್ತೆ ಏರಿತು. ಈ ಅವಧಿಯುದ್ದಕ್ಕೂ ಕಾರ್ಖಾನೆ ನಡೆಯುತ್ತಲೇ ಇತ್ತು, ಸರಕು ಮಾರಾಟವಾಗುತ್ತಲೇ ಇತ್ತು. ಕಾರ್ಖಾನೆಯ ಗೇಟಿನ ಮುಂದೆ ದಿನವೂ ಓಡಾಡುವವನಿಗೂ ಈ ಏರಿಳಿತದ ಸುಳಿವು ಸಿಗುತ್ತಿರಲಿಲ್ಲ. ಕಂಪನಿಯ ಬೆಳವಣಿಗೆ ಒಂದು ಗತಿಯಲ್ಲಿ, ಅದರ ಷೇರಿನ ಬೆಲೆ ಇನ್ನೊಂದು ಗತಿಯಲ್ಲಿ ಸಾಗುವುದು ಸಣ್ಣ ಷೇರುಗಳ ಸ್ವಭಾವ.

ಇನ್ನು ಒಟ್ಟು ಮಾರುಕಟ್ಟೆಯ ಲೆಕ್ಕ. ಇದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು, ಏಕೆಂದರೆ ಮನೆಬಾಗಿಲಿಗೆ ಬರುವ ಪಟ್ಟಿಯಲ್ಲಿ ಇದು ಇರುವುದಿಲ್ಲ. ಮುಂಬೈ ಷೇರುಪೇಟೆಯ ಸ್ಮಾಲ್‌ಕ್ಯಾಪ್ ಸೂಚ್ಯಂಕ 2008ರ ಜನವರಿಯಲ್ಲಿ 14 ಸಾವಿರದ ಸುತ್ತಮುತ್ತ ಇತ್ತು. 2009ರ ಮಾರ್ಚ್‌ನಲ್ಲಿ 3 ಸಾವಿರಕ್ಕಿಂತ ಕೆಳಗಿಳಿಯಿತು. ನೂರು ರೂಪಾಯಿ ಇಟ್ಟವನ ಬಳಿ ಉಳಿದದ್ದು ಇಪ್ಪತ್ತು ರೂಪಾಯಿಯಷ್ಟು. ಶೇ 50ರಷ್ಟು ಕುಸಿದದ್ದು ಮೊದಲಿನಂತಾಗಲು ಶೇ 100ರಷ್ಟು ಏರಬೇಕು. ಶೇ 80ರಷ್ಟು ಕುಸಿದದ್ದು ಐದು ಪಟ್ಟಾಗಬೇಕು. ಹಾಗೆ ಐದು ಪಟ್ಟಾಗಿ ಹಳೆಯ ಮಟ್ಟ ಮುಟ್ಟಲು ಈ ಸೂಚ್ಯಂಕಕ್ಕೆ 2017ರವರೆಗೆ, ಅಂದರೆ ಒಂಬತ್ತು ವರ್ಷ ಬೇಕಾಯಿತು. ದೊಡ್ಡ ಕಂಪನಿಗಳ ಸೆನ್ಸೆಕ್ಸ್ ತನ್ನ 2008ರ ಮಟ್ಟವನ್ನು 2013ರ ಕೊನೆಯ ಹೊತ್ತಿಗೇ ದಾಟಿತ್ತು.

ಅಲ್ಲಿಗೆ ಮುಗಿಯಲಿಲ್ಲ. 2018ರ ಜನವರಿಯಲ್ಲಿ 20 ಸಾವಿರ ಮುಟ್ಟಿದ ಸ್ಮಾಲ್‌ಕ್ಯಾಪ್ ಸೂಚ್ಯಂಕ, ಕೋವಿಡ್ ಬಂದೆರಗಿದ 2020ರ ಮಾರ್ಚ್‌ನಲ್ಲಿ 9 ಸಾವಿರಕ್ಕಿಂತ ಕೆಳಗಿತ್ತು. 2008ರ ಶಿಖರದಲ್ಲಿ ಹಣ ಹಾಕಿ, ಎಲ್ಲ ಉಪದೇಶಗಳನ್ನೂ ಪಾಲಿಸಿ, ಹನ್ನೆರಡು ವರ್ಷ ಅಲುಗದೆ ಕುಳಿತವನ ಅಸಲೇ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕರಗಿತ್ತು. ಲಾಭಾಂಶವನ್ನು ಸೇರಿಸಿದರೆ ಚಿತ್ರ ತುಸು ಸುಧಾರಿಸೀತು, ಬದಲಾಗದು. ಹನ್ನೆರಡು ವರ್ಷ ‘ದೀರ್ಘಕಾಲ’ ಅಲ್ಲವೆಂದರೆ, ಅರವತ್ತು ದಾಟಿದ ನನ್ನಂಥವರಿಗೆ ದೀರ್ಘಕಾಲವೆಂಬುದು ಇನ್ನೆಷ್ಟು ಉಳಿದೀತು?

ಮುಂದಿನ ಅಧ್ಯಾಯ ಎಲ್ಲರಿಗೂ ಗೊತ್ತಿರುವುದೇ. ಅದೇ ಸೂಚ್ಯಂಕ 2024ರ ಡಿಸೆಂಬರ್‌ನಲ್ಲಿ 57 ಸಾವಿರವನ್ನು ದಾಟಿತು. 2020ರ ಮಾರ್ಚ್‌ನಿಂದ ಲೆಕ್ಕ ಹಾಕಿದರೆ ಐದು ವರ್ಷದೊಳಗೆ ಆರು ಪಟ್ಟಿಗೂ ಹೆಚ್ಚು. ಮನೆಬಾಗಿಲಿನ ಪಟ್ಟಿಗಳು ಹೊಳೆಯುವುದು ಈ ಬೆಳಕಿನಲ್ಲಿ. ಆದರೆ ಆರಂಭದ ದಿನವನ್ನು ಬದಲಿಸಿ ನೋಡಿ. 2008ರ ಶಿಖರದಿಂದ 2024ರ ಶಿಖರದವರೆಗೆ ಸ್ಮಾಲ್‌ಕ್ಯಾಪ್ ಸೂಚ್ಯಂಕ ಬೆಳೆದದ್ದು ನಾಲ್ಕು ಪಟ್ಟಿಗೆ ತುಸು ಮೇಲೆ. ಅದೇ ಹದಿನೇಳು ವರ್ಷಗಳಲ್ಲಿ 21 ಸಾವಿರದ ಸಮೀಪದಿಂದ 81 ಸಾವಿರಕ್ಕೆ ಹೋದ ಸೆನ್ಸೆಕ್ಸ್ ಬೆಳೆದದ್ದು ನಾಲ್ಕು ಪಟ್ಟಿಗೆ ತುಸು ಕಡಿಮೆ. ವಾರ್ಷಿಕ ಚಕ್ರಬಡ್ಡಿಗೆ ಇಳಿಸಿದರೆ ಎರಡೂ ಶೇ 8ರಿಂದ 9ರ ನಡುವೆಯೇ ನಿಲ್ಲುತ್ತವೆ. ವ್ಯತ್ಯಾಸ ಅರ್ಧ ಪರ್ಸೆಂಟಿಗೂ ಕಡಿಮೆ. ಆ ಅಲ್ಪ ವ್ಯತ್ಯಾಸಕ್ಕಾಗಿ ಸಣ್ಣ ಷೇರುಗಳ ಹೂಡಿಕೆದಾರ ಎರಡು ಪ್ರಳಯಗಳನ್ನು ದಾಟಬೇಕಾಯಿತು. ಮತ್ತೊಂದು ತುದಿಯಿಂದ, 2009ರ ಮಾರ್ಚ್‌ನ ತಳದಿಂದ ನೋಡಿದರೆ ಸೆನ್ಸೆಕ್ಸ್ ಹತ್ತು ಪಟ್ಟಾದಾಗ ಸ್ಮಾಲ್‌ಕ್ಯಾಪ್ ಸೂಚ್ಯಂಕ ಇಪ್ಪತ್ತು ಪಟ್ಟಾಯಿತು. ಹೆಚ್ಚಿನ ಅಪಾಯಕ್ಕೆ ಹೆಚ್ಚಿನ ಪ್ರತಿಫಲವೆಂದು ಪಠ್ಯಪುಸ್ತಕ ಹೇಳುತ್ತದೆ, ನಾನೂ ಅದನ್ನೇ ಓದಿ ಪರೀಕ್ಷೆ ಪಾಸು ಮಾಡಿದವನು. ಆ ಪ್ರತಿಫಲ ಹೆಚ್ಚಾಗಿ ಸಂದಾಯವಾಗುವುದು ಎಲ್ಲರೂ ಓಡಿಹೋದಾಗ ಉಳಿದವರಿಗೆ, ಎಲ್ಲರೂ ನುಗ್ಗಿ ಬರುವಾಗ ಜೊತೆಗೆ ನುಗ್ಗಿದವರಿಗಲ್ಲ.

ಸಣ್ಣ ಕಂಪನಿಗಳ ಷೇರು ದೊಡ್ಡವಕ್ಕಿಂತ ಹೆಚ್ಚು ಗಳಿಸುತ್ತದೆಯೆಂದು ಅಮೆರಿಕದ ಅಂಕಿ ಅಂಶಗಳಿಂದ ರಾಲ್ಫ್ ಬಾನ್ಜ್ 1981ರಲ್ಲಿ ತೋರಿಸಿದ ನಂತರ ಈ ವಾದಕ್ಕೆ ವಿದ್ವತ್ತಿನ ಮುದ್ರೆ ಬಿತ್ತು. ಪ್ರಬಂಧ ಪ್ರಕಟವಾದ ಮೇಲೆ ಅಲ್ಲಿಯೇ ಆ ಪರಿಣಾಮ ಮಸುಕಾಯಿತೆಂಬುದನ್ನು ನಮ್ಮ ಮಾರಾಟಗಾರರು ಹೇಳುವುದಿಲ್ಲ. ಅವರಿಗೆ ಗೊತ್ತಿಲ್ಲದಿರಲೂ ಸಾಕು.

ರಾಮನಗರದ ಜನರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ, ಏಕೆಂದರೆ ಅಪಾಯವೆಂದರೆ ಏನೆಂಬುದನ್ನು ಅರ್ಥಶಾಸ್ತ್ರದ ಪುಸ್ತಕಗಳಿಗಿಂತ ಚೆನ್ನಾಗಿ ಕಲಿಸುವ ಶಾಲೆಯೊಂದು ಅವರ ಊರಿನಲ್ಲಿಯೇ ಇದೆ. ಅದು ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ರೇಷ್ಮೆಗೂಡಿನ ಮಾರುಕಟ್ಟೆ. ರೇಷ್ಮೆ ಬೆಳೆಗಾರ ಚಾಕಿ ಹುಳು ತಂದ ದಿನದಿಂದ ಹಾಲುತೊಂಡೆ, ಸಪ್ಪೆ ರೋಗ, ಸುಣ್ಣಕಟ್ಟು, ಊಜಿ ನೊಣ ಎಂದು ಒಂದಲ್ಲ ಒಂದು ಭಯದಲ್ಲಿಯೇ ಇರುತ್ತಾನೆ. ಇವೆಲ್ಲವನ್ನೂ ಗೆದ್ದು, ಹುಳು ಚಂದ್ರಿಕೆಗೆ ಹತ್ತಿ ಗೂಡು ಕಟ್ಟಿದ ಮೇಲೆ ಇನ್ನೊಂದು ಅಪಾಯ ಎದುರಾಗುತ್ತದೆ. ಗೂಡನ್ನು ಇಟ್ಟುಕೊಳ್ಳುವಂತಿಲ್ಲ. ಕೆಲವೇ ದಿನಗಳಲ್ಲಿ ಚಿಟ್ಟೆ ಗೂಡನ್ನು ಕೊರೆದು ಹೊರಬರುತ್ತದೆ, ನೂಲು ತುಂಡಾಗುತ್ತದೆ, ಬೆಲೆ ಬಿದ್ದುಹೋಗುತ್ತದೆ. ಮಾರುಕಟ್ಟೆಗೆ ತಂದ ಲಾಟನ್ನು ಅಂದಿನ ಹರಾಜಿನ ಧಾರಣೆ ಹಿಡಿಸಲಿಲ್ಲವೆಂದು ವಾಪಸು ಒಯ್ದು ಮುಂದಿನ ತಿಂಗಳು ತರುವ ಸ್ವಾತಂತ್ರ್ಯ ರೈತನಿಗಿಲ್ಲ. ರೀಲರ್‌ಗೆ ಆ ಸ್ವಾತಂತ್ರ್ಯ ಒಂದಿಷ್ಟು ಇದೆ. ನೂಲು ಬಿಚ್ಚಿದ ಮೇಲೆ ಅದನ್ನು ಅವನು ಕೆಲಕಾಲ ಇಟ್ಟುಕೊಳ್ಳಬಲ್ಲ. ಒಂದೇ ರೇಷ್ಮೆ, ಒಂದೇ ಮಾರುಕಟ್ಟೆ. ಕಾಯಬಲ್ಲವನ ಅಪಾಯ ಬೇರೆ, ಕಾಯಲಾಗದವನ ಅಪಾಯ ಬೇರೆ.

ಸಣ್ಣ ಷೇರುಗಳಲ್ಲಿಯೂ ಹೀಗೆಯೇ. ಮುಂದಿನ ವರ್ಷ ಮಗಳ ಮದುವೆಗೆ ಬೇಕಾದ ಹತ್ತು ಲಕ್ಷ ರೂಪಾಯಿ ಮತ್ತು ಹದಿನೈದು ವರ್ಷ ಬೇಕಾಗದ ಹತ್ತು ಲಕ್ಷ ರೂಪಾಯಿ ಒಂದೇ ಫಂಡಿನಲ್ಲಿದ್ದರೂ, ಮೊದಲನೆಯದು ಚಿಟ್ಟೆ ಕೊರೆಯಲಿರುವ ಗೂಡು. ಪುಸ್ತಕಗಳು ಅಪಾಯವನ್ನು ಏರಿಳಿತದ ಶೇಕಡಾವಾರಿನಲ್ಲಿ ಅಳೆಯುತ್ತವೆ. ಕುಟುಂಬವೊಂದರ ಅಪಾಯವನ್ನು ಅಳೆಯಬೇಕಾದುದು ಅದಕ್ಕೆ ಹಣ ಬೇಕಾಗುವ ತಾರೀಖಿನಿಂದ.

ಮಾರಬೇಕೆಂದಾಗ ಕೊಳ್ಳುವವರು ಇರುತ್ತಾರೆಯೇ ಎಂಬುದು ಮತ್ತೊಂದು ಪ್ರಶ್ನೆ. 2024ರ ಮಾರ್ಚ್‌ನಲ್ಲಿ ಈ ಪ್ರಶ್ನೆ ಇದ್ದಕ್ಕಿದ್ದಂತೆ ಬಹಿರಂಗ ಚರ್ಚೆಗೆ ಬಂತು. ಸಣ್ಣ, ಮಧ್ಯಮ ಷೇರುಗಳ ಕೆಲವೆಡೆ ನೊರೆ ಕಾಣುತ್ತಿದೆಯೆಂದು ಸೆಬಿಯ ಆಗಿನ ಅಧ್ಯಕ್ಷೆ ಮಾಧವಿ ಪುರಿ ಬುಚ್ ಎಚ್ಚರಿಸಿದ ಎರಡು ದಿನಗಳಲ್ಲಿ, ಮಾರ್ಚ್ 13ರಂದು, ಸ್ಮಾಲ್‌ಕ್ಯಾಪ್ ಸೂಚ್ಯಂಕ ಒಂದೇ ದಿನ ಶೇ 5ರಷ್ಟು ಕುಸಿಯಿತು. ಹೂಡಿಕೆದಾರರು ಒಟ್ಟಾಗಿ ಹಣ ವಾಪಸು ಕೇಳಿದರೆ ಷೇರು ಮಾರಲು ಎಷ್ಟು ದಿನ ಬೇಕೆಂದು ಫಂಡ್‌ಗಳು ಅದೇ ತಿಂಗಳಿನಿಂದ ಪ್ರಕಟಿಸತೊಡಗಿದವು. ದೊಡ್ಡ ಸ್ಮಾಲ್‌ಕ್ಯಾಪ್ ಫಂಡೊಂದು ತನ್ನ ಅರ್ಧ ಆಸ್ತಿಯನ್ನು ಮಾರಲು 60 ದಿನ ಬೇಕೆಂದಿತು, ಇನ್ನೊಂದು 27 ದಿನ ಎಂದಿತು. ಅತ್ಯಂತ ಕಡಿಮೆ ವಹಿವಾಟಿನ ಶೇ 20ರಷ್ಟು ಷೇರುಗಳನ್ನು ಹೊರಗಿಟ್ಟು ಹಾಕಿದ ಲೆಕ್ಕ ಅದು. ಅದಕ್ಕೂ ಮುನ್ನ, 2023ರಲ್ಲಿ, ಕೆಲವು ಫಂಡ್‌ಗಳು ದೊಡ್ಡ ಗಂಟನ್ನು ಒಮ್ಮೆಗೇ ಸ್ವೀಕರಿಸುವುದನ್ನು ನಿಲ್ಲಿಸಿದ್ದವು. ಬರುವ ಹಣವನ್ನು ಬೇಡವೆನ್ನುವ ವ್ಯಾಪಾರಿಯನ್ನು ನಾವು ದಿನವೂ ಕಾಣುವುದಿಲ್ಲ. ಕಂಡಾಗ ಕಾರಣ ಕೇಳುವುದು ಒಳ್ಳೆಯದು. ಒಳಗೆ ಬರುವ ಬಾಗಿಲು ಅಗಲವಾಗಿದ್ದು ಹೊರಗೆ ಹೋಗುವ ಬಾಗಿಲು ಕಿರಿದಾಗಿದೆ ಎಂಬುದೇ ಆ ಕಾರಣ. ಕಚ್ಚಾ ರೇಷ್ಮೆಯ ಬೆಲೆ ಕುಸಿದಾಗ ಮಧ್ಯೆ ಪ್ರವೇಶಿಸಿ ಕೊಳ್ಳಲೆಂದು ಕರ್ನಾಟಕ ಸರ್ಕಾರ 1979ರಲ್ಲಿ ರೇಷ್ಮೆ ಮಾರಾಟ ಮಂಡಳಿಯನ್ನು ಸ್ಥಾಪಿಸಿತು. ಆ ಮಂಡಳಿಯ ಸಾಮರ್ಥ್ಯದ ಬಗ್ಗೆ ಏನೇ ದೂರುಗಳಿರಲಿ, ಸಣ್ಣ ಷೇರುಗಳಿಗಂತೂ ಅಂತಹ ಆಸರೆಯೇ ಇಲ್ಲ.

ಸಣ್ಣ ಉದ್ಯಮಕ್ಕೆ ಒಂದೇ ಪೆಟ್ಟು ಸಾಕಾಗುತ್ತದೆ ಎಂಬುದನ್ನೂ ಈ ನೆಲ ಕಂಡಿದೆ. 2011ರ ಕೇಂದ್ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿದಾಗ, ದೆಹಲಿಯ ಆ ಒಂದು ಸಾಲು ರಾಮನಗರದ ಹರಾಜು ಕಟ್ಟೆಯಲ್ಲಿ ಗೂಡಿನ ಬೆಲೆಯನ್ನು ನೆಲಕ್ಕೆ ಕೆಡವಿತು. ಚೀನಾದ ಪ್ಲಾಸ್ಟಿಕ್ ಆಟಿಕೆಗಳು ಬಂದಾಗ ಚನ್ನಪಟ್ಟಣದ ಬೊಂಬೆ ಮಾಡುವವರ ಪಾಡೇನಾಯಿತೆಂಬುದೂ ತಿಳಿದದ್ದೇ. ಭೌಗೋಳಿಕ ಸೂಚಿಕೆಯ ಮಾನ್ಯತೆ, ಆಲೆ ಮರ ಮತ್ತು ಅರಗಿನ ಬಣ್ಣದ ಹೆಸರು ಇವೆಲ್ಲ ಇದ್ದೂ ಆ ಕಸುಬು ಏದುಸಿರು ಬಿಡಬೇಕಾಯಿತು. ಹತ್ತು ಬಗೆಯ ವ್ಯವಹಾರವಿರುವ ದೊಡ್ಡ ಕಂಪನಿ ಇಂತಹ ಪೆಟ್ಟನ್ನು ಒಂದು ತ್ರೈಮಾಸಿಕದಲ್ಲಿ ಮರೆಯುತ್ತದೆ. ಒಂದೇ ಸರಕು, ಒಂದೇ ದೊಡ್ಡ ಗಿರಾಕಿ, ಒಬ್ಬನೇ ಪ್ರವರ್ತಕ ಇರುವ ಸಣ್ಣ ಕಂಪನಿಗೆ ಅದು ಸಾಧ್ಯವಿಲ್ಲ.

ಪ್ರವರ್ತಕರ ಮಾತು ಬಂದಾಗ ಕನ್ನಡಿಗರಿಗೆ ನೆನಪಾಗುವುದು ಕಾಫಿ ಡೇ. 2015ರ ಅಕ್ಟೋಬರ್‌ನಲ್ಲಿ 328 ರೂಪಾಯಿಗೆ ವಿತರಣೆಯಾದ ಅದರ ಷೇರು, ಸಂಸ್ಥಾಪಕರು 2019ರ ಜುಲೈನಲ್ಲಿ ದುರಂತ ಅಂತ್ಯ ಕಂಡ ಬಳಿಕ ಕುಸಿಯುತ್ತ ಹೋಗಿ, 2020ರ ಫೆಬ್ರುವರಿಯಿಂದ ಒಂದು ವರ್ಷಕ್ಕೂ ಹೆಚ್ಚು ಕಾಲ ವಹಿವಾಟೇ ಇಲ್ಲದೆ ನಿಂತುಹೋಯಿತು. ಎಷ್ಟು ಕಡಿಮೆ ಬೆಲೆಗಾದರೂ ಮಾರಿ ಹೊರಬರುತ್ತೇನೆ ಎಂಬ ಹೂಡಿಕೆದಾರನಿಗೂ ಬಾಗಿಲು ಮುಚ್ಚಿತ್ತು. ಅದೇ ಬೆಂಗಳೂರಿನ ಪೇಜ್ ಇಂಡಸ್ಟ್ರೀಸ್ 2007ರಲ್ಲಿ 360 ರೂಪಾಯಿಗೆ ಕೊಟ್ಟ ಷೇರು 2022ರಲ್ಲಿ 50 ಸಾವಿರವನ್ನು ದಾಟಿತ್ತು. ಮದುವೆ ಮನೆಗಳಲ್ಲಿ ನಮಗೆ ಕೇಳಿಬರುವುದು ಪೇಜ್ ಷೇರು ಇಟ್ಟುಕೊಂಡವರ ಕಥೆ. ಮತ್ತೊಂದನ್ನು ಇಟ್ಟುಕೊಂಡವರು ಊಟ ಮುಗಿಸಿ ಬೇಗ ಹೊರಡುತ್ತಾರೆ. ಸೂಚ್ಯಂಕವೂ ಹೀಗೆಯೇ, ಸೋತವರನ್ನು ಸದ್ದಿಲ್ಲದೆ ಹೊರಗೆ ಕಳುಹಿಸಿ ಗೆದ್ದವರನ್ನು ಒಳಗೆ ಕರೆದುಕೊಳ್ಳುತ್ತದೆ.

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ಬ್ಯಾಂಕಿನ ಠೇವಣಿಯೇ ಪರಮ ಸುರಕ್ಷಿತವೆಂದು ನಾನು ಹೇಳುತ್ತಿಲ್ಲ. ಬೆಂಗಳೂರಿನ ಶ್ರೀ ಗುರುರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ 2020ರ ಜನವರಿಯಲ್ಲಿ ನಿರ್ಬಂಧ ಹೇರಿದಾಗ, ಹೆಚ್ಚಿನ ಬಡ್ಡಿಗೆಂದು ಅಲ್ಲಿ ಹಣವಿಟ್ಟ ನಿವೃತ್ತರಿಗೆ ಮೊದಲಿಗೆ ತೆಗೆಯಲು ಸಿಕ್ಕಿದ್ದು 35 ಸಾವಿರ ರೂಪಾಯಿ ಮಾತ್ರ. ಅವರಲ್ಲಿ ಯಾರೂ ಷೇರುಪೇಟೆಯತ್ತ ಸುಳಿಯದ ಎಚ್ಚರಿಕೆಯ ಜನ. ಬೆಲೆಯೇರಿಕೆ ಇನ್ನೊಂದು ಅಪಾಯ. ಠೇವಣಿಯ ಬಡ್ಡಿಯಿಂದ ತೆರಿಗೆ ಮತ್ತು ಬೆಲೆಯೇರಿಕೆಯನ್ನು ಕಳೆದರೆ ಉಳಿಯುವುದು ಅತ್ಯಲ್ಪ. ಮೂವತ್ತೈದರ ಹರೆಯದ, ತಿಂಗಳ ಸಂಬಳವಿರುವ ಮಗನೋ ಮಗಳೋ ಇಪ್ಪತ್ತು ವರ್ಷ ಬೇಕಾಗದ ಹಣವನ್ನು ಪೂರ್ತಿಯಾಗಿ ಠೇವಣಿಯಲ್ಲಿಟ್ಟರೆ, ಅದೂ ಒಂದು ಬಗೆಯ ನಷ್ಟವೇ. ಅಂಥವರು ತಿಂಗಳು ತಿಂಗಳು ಎಸ್‌ಐಪಿ ಮೂಲಕ ಮಧ್ಯಮ ಮತ್ತು ಸಣ್ಣ ಷೇರುಗಳಿಗೆ ಒಂದು ಪಾಲನ್ನು ಕೊಡುವುದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಬೆಲೆ ಕುಸಿದ ವರ್ಷಗಳು ಅವರ ಪಾಲಿಗೆ ಅಗ್ಗದ ಖರೀದಿಯ ವರ್ಷಗಳು. ದೇಶದಲ್ಲಿ ತಿಂಗಳ ಎಸ್‌ಐಪಿ ಮೊತ್ತ 2024ರ ಅಕ್ಟೋಬರ್‌ನಲ್ಲಿ 25 ಸಾವಿರ ಕೋಟಿ ರೂಪಾಯಿಯನ್ನು ದಾಟಿತು. ಅದರಲ್ಲಿ ಎಷ್ಟು ಜನ 2008ರಂತಹ ಕುಸಿತದಲ್ಲಿ ಕಂತು ನಿಲ್ಲಿಸದೆ ಮುಂದುವರಿಸುತ್ತಾರೆಂಬುದು ಕಾದು ನೋಡಬೇಕಾದ ವಿಷಯ.

ಭೂಪರಿಹಾರದ ಹಣ ಮಾತ್ರ ಇದಕ್ಕಿಂತ ಬೇರೆ ಜಾತಿಯದು. ಸಂಬಳದಂತೆ ಅದು ಮುಂದಿನ ತಿಂಗಳು ಮತ್ತೆ ಬರುವುದಿಲ್ಲ. ಬಂದದ್ದು ಒಂದೇ ಗಂಟಾಗಿ, ಹೋದದ್ದು ಮೂರು ತಲೆಮಾರಿನ ಜಮೀನು. ಈ ಹಣದ ವಿಷಯದಲ್ಲಿ ಮಾಗಡಿ ಕಡೆಯ ಹಿರಿಯ ರೈತರ ನಡವಳಿಕೆಯೇ ನನಗೆ ಮಾದರಿಯಾಗಿ ಕಾಣುತ್ತದೆ. ಹಿಂದೆ ಅವರು ಮೊದಲು ರಾಗಿಯನ್ನು ಹಗೇವಿಗೆ ತುಂಬುತ್ತಿದ್ದರು. ವರ್ಷಗಟ್ಟಲೆ ಕೆಡದ ಆ ರಾಗಿ ಬರಗಾಲಕ್ಕೆ ಮೀಸಲು. ಹಟ್ಟಿಯಲ್ಲಿ ಎರಡು ಹಸು, ಡೇರಿಯ ಬಟವಾಡೆಯಿಂದ ಮನೆಯ ವಾರದ ಖರ್ಚು. ಇವೆರಡೂ ಭದ್ರವಾದ ಮೇಲಷ್ಟೇ ಹಿಪ್ಪುನೇರಳೆ, ಹುಳು ಸಾಕಣೆ. ಹುಳು ಕೈಕೊಟ್ಟರೂ ಒಲೆ ಆರುತ್ತಿರಲಿಲ್ಲ. ಬಂಡವಾಳ ವಿಂಗಡಣೆಯ ಸಿದ್ಧಾಂತ ಹ್ಯಾರಿ ಮಾರ್ಕೊವಿಟ್ಜ್‌ರಿಂದ 1952ರಲ್ಲಿ ಪ್ರಕಟವಾಯಿತು. ಹಗೇವು ಅದಕ್ಕಿಂತ ಬಹಳ ಹಳೆಯದು.

ಅದೇ ಕ್ರಮವನ್ನು ಹಣಕ್ಕೆ ಅನ್ವಯಿಸಿದರೆ, ಮೊದಲು ಸಾಲ ತೀರಬೇಕು. ಆಮೇಲೆ ಕನಿಷ್ಠ ಐದು ವರ್ಷದ ಸಂಸಾರದ ಖರ್ಚು, ಮದುವೆ, ಓದು ಇವುಗಳ ಮೊತ್ತ ಅಂಚೆ ಕಚೇರಿಗೋ ಒಂದಕ್ಕಿಂತ ಹೆಚ್ಚು ಗಟ್ಟಿ ಬ್ಯಾಂಕುಗಳಿಗೋ ಹೋಗಬೇಕು. ಠೇವಣಿ ವಿಮೆಯ ಮಿತಿಯನ್ನು 2020ರಲ್ಲಿ 5 ಲಕ್ಷ ರೂಪಾಯಿಗೆ ಏರಿಸಲಾಯಿತೆಂಬುದನ್ನು ನೆನಪಿಟ್ಟು ಹಂಚಬೇಕು. ಅರವತ್ತು ತುಂಬಿದವರಿಗೆ ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಮಿತಿ 2023ರಲ್ಲಿ 30 ಲಕ್ಷಕ್ಕೇರಿತು. ಇದಾದ ಮೇಲೆ ಉಳಿದ ಹಣದಲ್ಲಿ ಬಹುಭಾಗ ದೊಡ್ಡ ಕಂಪನಿಗಳ ಸೂಚ್ಯಂಕ ಫಂಡಿಗೆ, ಹತ್ತರಲ್ಲಿ ಒಂದು ಪಾಲು, ಹೆಚ್ಚೆಂದರೆ ಒಂದೂವರೆ ಪಾಲು ಮಧ್ಯಮ ಮತ್ತು ಸಣ್ಣ ಷೇರುಗಳಿಗೆ; ಅದೂ ಎರಡು ಮೂರು ವರ್ಷಗಳ ಅವಧಿಗೆ ಹಂಚಿಕೊಂಡು. ಇದು ನನ್ನ ಅಂದಾಜು, ಶಾಸ್ತ್ರವಾಕ್ಯವಲ್ಲ. ‘ಇಷ್ಟು ಕಡಿಮೆ ಇಟ್ಟರೆ ಶ್ರೀಮಂತರಾಗುವುದು ಯಾವಾಗ?’ ಎಂದು ಯುವಕನೊಬ್ಬ ಕೇಳಿದ. ಎಕರೆಗೆ ಕೋಟಿಗಳ ಲೆಕ್ಕದಲ್ಲಿ ಹಣ ಪಡೆದ ಮನೆ ಆಗಲೇ ಶ್ರೀಮಂತವಾಗಿದೆ. ಬಡತನಕ್ಕೆ ಮರಳದಂತೆ ನೋಡಿಕೊಳ್ಳುವುದಷ್ಟೇ ಅದರ ಮುಂದಿನ ಕೆಲಸ.

ಸರ್ಕಾರ ಮತ್ತು ಸೆಬಿ ಮಾಡಬಹುದಾದ ಕೆಲಸವೂ ಇದೆ. ಈಕ್ವಿಟಿ ಫಂಡ್‌ಗಳ ಮೇಲೆ ಮುದ್ರಿಸುವ ಅಪಾಯ ಮಾಪಕದಲ್ಲಿ 2021ರಿಂದ ಆರು ಹಂತಗಳಿವೆ; ಆದರೆ ದೊಡ್ಡ ಕಂಪನಿಗಳ ಫಂಡಿನ ಮುಳ್ಳೂ ಸಣ್ಣ ಕಂಪನಿಗಳ ಫಂಡಿನ ಮುಳ್ಳೂ ಸಾಮಾನ್ಯವಾಗಿ ‘ಅತಿ ಹೆಚ್ಚು’ ಎಂಬಲ್ಲಿಯೇ ನಿಂತಿರುತ್ತವೆ. ಎಲ್ಲದಕ್ಕೂ ಒಂದೇ ಉತ್ತರ ಕೊಡುವ ಮಾಪಕದಿಂದ ಆಯ್ಕೆಗೆ ನೆರವಾಗದು. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಅಂದಂದಿನ ಗರಿಷ್ಠ, ಕನಿಷ್ಠ ಮತ್ತು ಸರಾಸರಿ ಧಾರಣೆಯನ್ನು ಓದಿ ತಿಳಿಯಲು ಯಾವ ರೈತನಿಗೂ ಮಧ್ಯವರ್ತಿ ಬೇಕಾಗಿಲ್ಲ. ಫಂಡ್‌ಗಳೂ ಒಂದು ಪುಟದ ಕನ್ನಡ ಹಾಳೆಯಲ್ಲಿ ನಾಲ್ಕು ಸಂಖ್ಯೆಗಳನ್ನು ಕೊಡಲಿ: ಈ ವರ್ಗದ ಸೂಚ್ಯಂಕ ಕಂಡ ಅತಿ ದೊಡ್ಡ ಕುಸಿತ ಎಷ್ಟು, ಅದರಿಂದ ಚೇತರಿಸಿಕೊಳ್ಳಲು ಎಷ್ಟು ವರ್ಷ ಹಿಡಿಯಿತು, ಫಂಡಿನ ಅರ್ಧ ಆಸ್ತಿ ಮಾರಲು ಎಷ್ಟು ದಿನ ಬೇಕು, ಇದನ್ನು ಮಾರುವವರಿಗೆ ವರ್ಷಕ್ಕೆ ಸಿಗುವ ಕಮಿಷನ್ ಎಷ್ಟು. ಭೂಪರಿಹಾರದ ಹಣ ಜಮೆಯಾದ ಖಾತೆಗಳಿಗೆ ಮೊದಲ ಮೂರು ತಿಂಗಳು ಯಾವ ಹೂಡಿಕೆ ಉತ್ಪನ್ನವನ್ನೂ ಬ್ಯಾಂಕ್ ಶಾಖೆಗಳು ಮಾರಕೂಡದೆಂಬ ನಿಯಮವನ್ನು ರಿಸರ್ವ್ ಬ್ಯಾಂಕ್ ತರಬಹುದು. ಬಿಡದಿಯ ಭೂಸ್ವಾಧೀನಕ್ಕೆ ಸಂಬಂಧಿಸಿದ ಪರಿಹಾರದ ಚೆಕ್ಕುಗಳ ಜೊತೆಗೆ ಆ ಕನ್ನಡ ಹಾಳೆಯನ್ನೂ ಹಂಚಲು ಜಿಲ್ಲಾಧಿಕಾರಿಗಳ ಕಚೇರಿಗೆ ಹೊಸ ಕಾನೂನೇನೂ ಬೇಕಾಗಿಲ್ಲ, ಒಂದು ಸುತ್ತೋಲೆ ಸಾಕು.